ಅಕ್ಕಿ ತೊಳೆದ ಕೊಳ

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ನನಗೆ:
ಉದ್ದ ಬಿದಿರ ತುದಿಗೆ ಸೊಳ್ಳೆಪರದೆಯ ಚೀಲ,
ಕರ್ಪೂರದ ಮರ ಉದುರಿಸಿದ್ದನ್ನೆಲ್ಲ
ನೀರು ನುಂಗುವ ಮೊದಲೇ ಬಾಚುವುದು.
ಬೆಳಗ್ಗೆ ಬಾಚಿದರೆ ಮಧ್ಯಾಹ್ನ ಮತ್ತಷ್ಟು.
ಮರಕ್ಕೂ ನನಗೂ ಜಗಳವಿಲ್ಲ,
ಇಬ್ಬರಿಗೂ ಮಠದ್ದೇ ಊಟ.

ಶೀಮೀ ಎಂದು ಹೆಸರು. ಅಂದರೆ ಅಕ್ಕಿ ತೊಳೆದದ್ದು.
ಬರಗಾಲವಂತೆ. ಅಡುಗೆಯ ಸನ್ಯಾಸಿನಿಯೊಬ್ಬಳು
ಬರಿಯ ಬುಟ್ಟಿಯನ್ನೇ ನೀರಿಗಿಳಿಸಿ
ಕಾಳು ಕಾಳನ್ನೂ ಮುಟ್ಟಿ ಮುಟ್ಟಿ ತೊಳೆದಳಂತೆ,
ಇಲ್ಲದ ಅಕ್ಕಿಯನ್ನು, ಮೂರು ನೀರು.
ಮೂರನೆಯ ನೀರಿಗೆ ಕೊಳವೆಲ್ಲ ಬೆಳ್ಳಗೆ ತಿರುಗಿ
ಕುಡಿದವರ ಹೊಟ್ಟೆ ತುಂಬಿತಂತೆ.
ಈಗಲೂ ಚಳಿ ಕಾಲಿಡುವ ಮುಂಜಾನೆ
ನೀರು ಗಂಜಿಯ ತಿಳಿಯಂತೆ ಮಸುಕಾಗುತ್ತದೆ.
ಭಕ್ತರು ಬಾಟಲಿ ತರುತ್ತಾರೆ.
ಮೇಲಿನ ಗುಡ್ಡದ ಕಲ್ಲುಕುಟಿಗರ ಧೂಳು ಅದು
ಎಂದು ನಾನು ಬಾಯಿಬಿಟ್ಟಿಲ್ಲ.
ಅವರು ಕೆಲಸ ಮುಚ್ಚಿ ಎಂಟು ವರ್ಷವಾಯಿತು,
ನೀರಿಗೆ ಯಾರೂ ತಿಳಿಸಿಲ್ಲ ಅಂತ ಕಾಣುತ್ತದೆ.

ಸೇತುವೆಗೆ ಒಂಬತ್ತು ಡೊಂಕು.
ದೆವ್ವಕ್ಕೆ ನೇರ ನಡೆಯಷ್ಟೇ ಬರುತ್ತದೆ, ನೋಡಿ,
ಮೂರನೇ ತಿರುವಿಗೇ ನೀರಿಗೆ ಬೀಳುತ್ತದೆ.
ಫೋಟೊ ತೆಗೆಯುತ್ತ ಹಿಂದೆ ಹಿಂದೆ ನಡೆಯುವವರೂ
ಅಲ್ಲೇ ಬೀಳುತ್ತಾರೆ.

ಕಪ್ಪೆಗಳು ಇಲ್ಲಿ ಕೂಗುವುದಿಲ್ಲ.
ಸೂತ್ರ ಬರೆಯುತ್ತಿದ್ದ ಮಂದಗಣ್ಣಿನ ಲಿಪಿಕಾರ
ಅಕ್ಷರದ ಲೆಕ್ಕ ತಪ್ಪಿ, ಕಿಟಕಿಯಿಂದ
ಕುಂಚ ಎಸೆದು ಸಾಕು ಅಂದನಂತೆ.
ಅಷ್ಟಕ್ಕೇ ಸುಮ್ಮನಾದವು. ಇವತ್ತಿಗೂ
ಗಂಟಲುಬ್ಬಿಸಿ, ಏನೋ ನೆನಪಾಗಿ, ಇಳಿಸುತ್ತವೆ.

ಬಾಗಿಲಲ್ಲಿ ಪೆಂಗ್ ಯಾವ್‌ಮೇ ಆಮೆ ಮಾರುತ್ತಾಳೆ.
ಜೀವ ಬಿಡಿಸಿದರೆ ಪುಣ್ಯ, ಒಂದಕ್ಕೆ ಮೂವತ್ತು ಯುವಾನ್.
ರಾತ್ರಿ ಅವಳ ಮೈದುನ ಬುಟ್ಟಿ ಹಿಡಿದು ಬರುವುದು
ನನಗೂ ಗೊತ್ತು, ಆಮೆಗಳಿಗೂ ಗೊತ್ತು.
ಕೆಲವು ತಾವೇ ದಡಕ್ಕೆ ಬಂದು ಕೂತಿರುತ್ತವೆ.
ಒಂದೇ ಆಮೆ ಏಳು ಸಲ ಬಿಡುಗಡೆಯಾದದ್ದುಂಟು;
ಅಷ್ಟು ಮುಕ್ತಿ ನಮ್ಮ ಹಿರಿಯ ಗುರುಗಳಿಗೂ ಇಲ್ಲ.

ಒಂದು ಕತೆ ಮಾತ್ರ ನನ್ನದು.
ನಾನು ಸೇರಿದ ಎರಡನೇ ವರ್ಷ, ಪುಟ್ಟ ಹುಡುಗಿಯ
ಕೆಂಪು ಬೂಟೊಂದು ಐದನೇ ಡೊಂಕಲ್ಲಿ ಜಾರಿ ಮುಳುಗಿತು.
ಬಲೆಗೆ ಸಿಗಲಿಲ್ಲ. ಅಳು ನಿಲ್ಲಲಿಲ್ಲ.
ಅಂದೆ: ಕೆಳಗೊಂದು ಮುದಿ ಆಮೆಯಿದೆ ಮಗೂ,
ಕಾಲು ನಾಲ್ಕು ಅದಕ್ಕೆ, ಚಪ್ಪಲಿ ಮೂರೇ ಇದ್ದವು,
ನಾಲ್ಕನೆಯದಕ್ಕೆ ಮುನ್ನೂರು ವರ್ಷ ಕಾದಿತ್ತು.
ಇವತ್ತು ರಾತ್ರಿ ಮೆಟ್ಟಿಲು ಹತ್ತಿ
ಗೋಪುರದ ಹತ್ತಿರ ನಿಂತು ಚಂದ್ರನನ್ನು ನೋಡುತ್ತದೆ.
ಅದಕ್ಕೆ ಬಿಗಿಯಾಗುವುದಿಲ್ಲವಾ ಎಂದು ಕೇಳಿ
ಹುಡುಗಿ ಒಂಟಿ ಬೂಟಲ್ಲಿ ಕುಂಟುತ್ತ ಹೋದಳು.

ಹೋದ ವಸಂತದಲ್ಲಿ ಝಾಂಗ್‌ಝೌ ಕಡೆಯ ಅಜ್ಜಿಯೊಬ್ಬಳು
ಅದೇ ಡೊಂಕಲ್ಲಿ ನಿಂತು ಮೊಮ್ಮಕ್ಕಳಿಗೆ ಹೇಳುತ್ತಿದ್ದಳು:
ಮಿಂಗ್ ದೊರೆಗಳ ಕಾಲದ್ದು, ನಾಲ್ಕು ಚಪ್ಪಲಿಯ ಆಮೆ,
ನನ್ನ ಅಜ್ಜಿ ಕಣ್ಣಾರೆ ಕಂಡಿದ್ದಳು.
ಬಿದಿರನ್ನು ಗೋಡೆಗೊರಗಿಸಿ ಪೂರ್ತಿ ಕೇಳಿದೆ.
ನಾನು ಹೇಳದ್ದೂ ಎಷ್ಟೋ ಇತ್ತು ಅದರಲ್ಲಿ:
ಆಮೆಗೆ ಒಬ್ಬಳು ತಂಗಿ, ತಂಗಿಗೊಂದು ಛತ್ರಿ.

ಆಮೇಲೆ ದಡದ ಕಲ್ಲು ಕಟ್ಟಲೆಂದು
ಪಂಪು ಹಚ್ಚಿ ನೀರೆಲ್ಲ ಬಸಿದರು.
ಮೊಣಕಾಲುದ್ದ ಕೆಸರಿಗೆ ಇಳಿದವಳು ನಾನೇ.
ನಾಣ್ಯ ಮೂರು ಬಕೆಟ್, ಎಲ್ಲ ಹಳೆಯವು,
ಈಗ ಕಾಣಿಕೆಯೂ ಫೋನಿನಲ್ಲೇ.
ಕನ್ನಡಕ ಹದಿನಾಲ್ಕು, ಒಂದು ಹಲ್ಲಿನ ಸೆಟ್ಟು,
ಕೂದಲುದುರಿದ ಒಂದು ಕುಂಚದ ಹಿಡಿ.
ಐದನೇ ಡೊಂಕಿನ ಕೆಳಗೆ ಎರಡು ದಿನ ಬೆರಳಾಡಿಸಿದೆ,
ಕಾಳು ಕಾಳನ್ನೂ ಮುಟ್ಟಿ ಮುಟ್ಟಿ.
ಬೂಟು ಸಿಗಲಿಲ್ಲ.

ಕೆಸರಲ್ಲಿ ಚರ್ಮ ಕೊಳೆತುಹೋಗುತ್ತದೆ, ಅಂದಳು ಯಾವ್‌ಮೇ.
ಇದ್ದೀತು. ಅದು ರಬ್ಬರಿನದು ಎಂದು ನಾನು ಹೇಳಲಿಲ್ಲ.
ಹುಣ್ಣಿಮೆಯ ರಾತ್ರಿ ಮೆಟ್ಟಿಲು ಹತ್ತುವಾಗ ಈಚೆಗೆ
ದೀಪ ಹಿಡಿದು, ಕಾಲಡಿ ನೋಡಿ ನಡೆಯುತ್ತೇನೆ;
ನಿಧಾನಕ್ಕೆ ಹತ್ತುತ್ತಿರುವ ಯಾರನ್ನಾದರೂ
ತುಳಿದುಬಿಟ್ಟೇನು ಎಂದು.