ಉಪ್ಪಿನ ಲೆಕ್ಕ

ಸನ್ಮಾನದ ದಿನ ವೇದಿಕೆಯಲ್ಲಿ ಯಾರೋ ಓದಿದರು:
ಪ್ರಬಂಧಗಳು ತೊಂಬತ್ತಾರು,
ಉಲ್ಲೇಖಗಳು ಏಳು ಸಾವಿರದ ಚಿಲ್ಲರೆ,
ಶಿಷ್ಯರು ಹತ್ತೊಂಬತ್ತು, ಜಪಾನಿನಲ್ಲೇ ಇಬ್ಬರು.
ನಾನು ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ,
ಕ್ಯಾನುಗಳನ್ನು ಎಣಿಸುತ್ತಿದ್ದೆ.

ಇಪ್ಪತ್ತು ಲೀಟರಿನವು, ನೀಲಿ, ವಾರಕ್ಕೆ ಆರು.
ಬೈತಖೋಲದಿಂದ ಹೊರಟು, ದೇವಗಡ ದಾಟಿ,
ನೀರು ಹಸಿರು ಬಿಟ್ಟು ಕಪ್ಪಿಗೆ ತಿರುಗುವಲ್ಲಿ
ತುಂಬಿಸಿ ತರಬೇಕು. ಜೊತೆಗೆ ಜೀವಂತ ಮಾಣಕಿ.
"ಮಸಿ ಕಾರದ ಹಾಗೆ ತಾ, ಪುರಸು.
ಹೆದರಿದ ಪ್ರಾಣಿ ನಿಜ ಹೇಳುವುದಿಲ್ಲ."

ಕೋಡಿಬಾಗದ ಆ ಕೋಣೆಯಲ್ಲಿ ಪದ್ಮಜಾಬಾಯಿ
ಮಾಣಕಿಯ ಮೈ ಬಿಡಿಸಿ, ಶಾವಿಗೆಯೆಳೆಯಂಥ
ಒಂದೇ ನರ ಎತ್ತಿ ಗಾಜಿನ ಬಟ್ಟಲಲ್ಲಿ ಇಡುವರು.
ನಮ್ಮ ತಲೆಯೊಳಗಿನವು ಕಣ್ಣಿಗೇ ಕಾಣವಂತೆ;
ಇದು ಕಲಿಯುವವರಿಗೆಂದು ದಪ್ಪಕ್ಷರದಲ್ಲಿ ಬರೆದ ಪಾಠವಂತೆ.
ಪರದೆಯ ಮೇಲೆ ಹಸಿರು ಗೆರೆ ಒಮ್ಮೆ ನೆಗೆದು ಬೀಳುವುದು,
ಮುಸ್ಸಂಜೆಯ ಹೊಳೆಯಲ್ಲಿ ಮಡ್ಲೆ ನೆಗೆದ ಹಾಗೆ.
"ಇಷ್ಟೇ, ನೋಡು. ನಿನ್ನ ಹೆಂಡತಿಯ ಹೆಸರು
ನಿನಗೆ ನೆನಪಿರುವುದೂ ಇದರಿಂದಲೇ."

ಹೊರಗಿನ ಉಪ್ಪು ಒಳಗೆ ನುಗ್ಗಿದರೆ ಯೋಚನೆ,
ನುಗ್ಗದಿದ್ದರೆ ಬರೀ ಮಾಂಸ.
ಅಷ್ಟು ನನಗೆ ತಿಳಿದಿತ್ತು. ತಿಳಿದೂ

ಆ ಆಷಾಢ. ಬಂದರು ಬಂದ್, ಅಲೆ ಆಳೆತ್ತರ,
ಮನೆಯಲ್ಲಿ ಮಗಳಿಗೆ ಜ್ವರ.
ಮಾಣಕಿಯನ್ನು ಪಾತಿಯವರು ಹೇಗೋ ಕೊಟ್ಟರು.
ನೀರು?
ಕಾಳಿ ಕೆಂಪಾಗಿ ಕಡಲಿಗೆ ನುಗ್ಗುತ್ತಿದ್ದಳು.
ಅಳಿವೆಯಲ್ಲಿ ಮೊಣಕಾಲುದ್ದ ನಿಂತು ಆರೂ ಕ್ಯಾನು ತುಂಬಿದೆ,
ಪಂಚೆಯಲ್ಲಿ ಸೋಸಿದೆ, ರಾತ್ರಿಯಿಡೀ ಕೆಸರು ಇಳಿಯಲು ಬಿಟ್ಟೆ.
ಬೆಳಿಗ್ಗೆ ಕಡಲಿನ ಹಾಗೇ ಕಂಡಿತು.
ಉಪ್ಪು ಅಳೆಯುವ ಗಾಜಿನ ಕೋಲು ಒಡೆದಿತ್ತು,
ಹೊಸದರ ಅರ್ಜಿ ಧಾರವಾಡದಲ್ಲಿ ಎರಡು ವರ್ಷ ಮಲಗಿತ್ತು.

ಮಳೆಗಾಲದಲ್ಲಿ ನರ ಮಂಕಾಗುತ್ತದೆ ಎಂದು ಬಾಯಿ ಬರೆದರು.
ಅದೇ ಹೆಸರು ತಂದಿತು. ಪರದೇಶದವರು
ಅದರ ಮೇಲೆ ಮನೆ ಕಟ್ಟಿದರು, ಮನೆಯ ಮೇಲೆ ಮಾಳಿಗೆ.
ಕೊನೆಯ ಪುಟದಲ್ಲಿ ಸಣ್ಣಕ್ಷರ:
ಕಡಲನೀರು ಒದಗಿಸಿದ ಪಿ. ದುರ್ಗೇಕರರಿಗೆ ಕೃತಜ್ಞತೆ.
ನನ್ನವಳು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.
ಹನ್ನೊಂದು ವರ್ಷ ಅದರ ಕೆಳಗೇ ಉಂಡೆ.

ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ನಾನು ಕುಡಿದದ್ದು ಒಂದು ಶನಿವಾರ ಮಧ್ಯಾಹ್ನ,
ಬಾಯಿ ಊಟದ ಡಬ್ಬಿ ತೊಳೆಯುತ್ತಿದ್ದಾಗ.
ಹೇಳಿ ಮುಗಿಸಿದರೂ ಅವರು ನಲ್ಲಿ ನಿಲ್ಲಿಸಲಿಲ್ಲ.
ಡಬ್ಬಿ ತುಂಬಿತು, ಚೆಲ್ಲಿತು, ಚೆಲ್ಲುತ್ತಲೇ ಇತ್ತು.
ಆಮೇಲೆ ಕೇಳಿದ್ದು ಒಂದೇ:
"ನೀನು ತುಂಬುವಾಗ ಭರತಿಯೋ, ಇಳಿತವೋ?"

ಮತ್ತೆ ಮೊದಲಿನಿಂದ, ಮೂರು ಮಳೆಗಾಲ.
ಈ ಸಲ ದೋಣಿಯಲ್ಲಿ ಬಾಯಿಯೂ.
ಐವತ್ತನಾಲ್ಕರ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿ,
ವಾಂತಿ ಮಾಡುತ್ತಲೇ ಒಂದೊಂದು ಕ್ಯಾನಿಗೂ ತಾರೀಕು ಬರೆದರು.
ನರ ಮಂಕಾಗಲಿಲ್ಲ.
ತಾನು ಬರೆದದ್ದು ತಪ್ಪೆಂದು ತಾನೇ ಬರೆದರು, ಎರಡೇ ಪುಟ.
ತಪ್ಪು ನೀರಿನದು ಎಂದರು,
ನೀರು ತಂದವನದು ಎನ್ನಲಿಲ್ಲ.

ಆ ಏಳು ಸಾವಿರದಲ್ಲಿ ಎರಡು ಸಾವಿರ ಇನ್ನೂ ಹಳೆಯ ತಪ್ಪಿನವೇ,
ಈ ಎರಡು ಪುಟಕ್ಕೆ ಹದಿನಾಲ್ಕು, ಎಂದಿದ್ದರು ಒಮ್ಮೆ.
"ಹದಿನಾಲ್ಕು ಮಂದಿ ಎಂದರೆ ಒಂದು ದೋಣಿ ಭರ್ತಿ, ಪುರಸು,"
ನಗುತ್ತಿದ್ದರೋ ಏನೋ, ಮುಖ ಕಿಟಕಿಯ ಕಡೆಗಿತ್ತು.
ವೇದಿಕೆಯಲ್ಲಿ ಅದನ್ನು ಯಾರೂ ಓದಲಿಲ್ಲ.

ಅದರಲ್ಲೂ ನನ್ನ ಹೆಸರಿದೆ, ಈ ಸಲ ಪೂರ್ತಿ:
ಪುರಸು ದುರ್ಗೇಕರ, ಬೈತಖೋಲ.
ಕಟ್ಟು ಹಾಕಿಸಿಲ್ಲ. ದೋಣಿಯ ಲೈಸೆನ್ಸಿನ ಜೊತೆ
ಮಡಿಚಿ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಈಗ ನೀರು ತರುವವ ಹೊಸ ಹುಡುಗ.
ಉಪ್ಪು ಅಳೆಯಲು ಯಂತ್ರವಿದೆ, ಕೆಂಪು ಅಂಕಿ ತೋರಿಸುತ್ತದೆ.
ಆದರೂ ಅವನು ಧಕ್ಕೆಯಲ್ಲಿ ಕ್ಯಾನು ಇಳಿಸುವಾಗ
ನಾನು ಹೋಗಿ ಮುಚ್ಚಳ ತಿರುಗಿಸಿ
ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತೇನೆ.