ಓತಿಯಾನ ಲೆಕ್ಕದ ಪುಸ್ತಕ

ಕುತಾಯಿಸಿಯ ಮೊದಲ ಬಸ್ಸು ಹೊರಡುವ ಮುಂಚೆಯೇ
ಬಂದು ನಿಂತಿರುತ್ತಾನೆ ಓತಿಯಾ,
ನನ್ನ ದವಾಖಾನೆಯ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು.
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು,
ಈಗಲೂ ತಡವೆಂದರೆ ಅವನಿಗೆ ಕಳ್ಳತನ.

ಕಾಲ ಬುಡದಲ್ಲಿ ತ್ಸಾಬ್ಲಾ.
ಸುಟ್ಟ ಚೆಸ್ಟ್‌ನಟ್ಟಿನ ಬಣ್ಣ, ಹನ್ನೊಂದು ತುಂಬಿದ ವಯಸ್ಸು,
ಎದೆಯೊಳಗೆ ಸೋರುವ ಒಂದು ಕವಾಟ.
ಸ್ಟೆತಸ್ಕೋಪಿಟ್ಟರೆ ಲಬ್ ಡಬ್ ಅಲ್ಲ,
ಯಾರೋ ಸವೆದ ಪೊರಕೆಯಲ್ಲಿ
ಒದ್ದೆ ಅಂಗಳ ಗುಡಿಸುವ ಸದ್ದು.

"ಮಾತ್ರೆ ಕೊಡು, ಹೋಗುತ್ತೇನೆ" ಎಂದಿದ್ದ ಮೊದಲ ದಿನ.
ಕೊಟ್ಟೆ. ಜೊತೆಗೊಂದು ಕೆಲಸವನ್ನೂ ಕೊಟ್ಟೆ:
ಅದು ಗಾಢ ನಿದ್ದೆಯಲ್ಲಿರಲಿ.
ಪಕ್ಕೆ ಏರಿ ಇಳಿದರೆ ಒಂದು.
ಕನಸಿನಲ್ಲಿ ಕಾಲಾಡಿಸುತ್ತಿದ್ದರೆ ಎಣಿಸಬೇಡ,
ಆಗ ಅದು ಯಾವುದೋ ಬೆಕ್ಕಿನ ಬೆನ್ನು ಹತ್ತಿರುತ್ತದೆ.
ಪೂರ್ತಿ ಒಂದು ನಿಮಿಷ ಎಣಿಸು.
ಮೂವತ್ತರ ಒಳಗಿದ್ದರೆ ನೀನೂ ಮಲಗು.
ದಾಟಿದರೆ ಇನ್ನೊಮ್ಮೆ ಎಣಿಸು.
ಮತ್ತೂ ದಾಟಿದರೆ, ಬೆಳಗಾಗಲಿ ಅನ್ನಬೇಡ,
ನನ್ನ ಬಾಗಿಲು ಬಡಿ.

ಚುರ್ಚ್‌ಖೇಲಾದ ಚೂರನ್ನೂ ಹಾಕಬೇಡ ಎಂದೆ,
ದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ವಿಷ.
"ನಮ್ಮಜ್ಜನ ನಾಯಿ ಸುಗ್ಗಿಯಿಡೀ ದ್ರಾಕ್ಷಿ ತಿಂದೇ ಬದುಕಿತ್ತು!"
ಸತ್ತ ನಾಯಿಗಳ ಸುದ್ದಿ
ನಿಮ್ಮಜ್ಜ ಹೇಳಿರಲಿಕ್ಕಿಲ್ಲ ಅಂದೆ.
ನಕ್ಕ. ಅರ್ಧ ಹಲ್ಲು ಚಿನ್ನದ್ದು.

ನಾನು ನಗಲಿಲ್ಲ.
ಹಿಂದಿನ ವಾರವಷ್ಟೇ ದರ್ಜಿ ಲಾಮಾರಾ
ಕುಂಟುವ ಬೆಕ್ಕಿಗೆ ತನ್ನದೇ ಜ್ವರದ ಮಾತ್ರೆ
ಅರ್ಧ ಮುರಿದು, ಬೆಣ್ಣೆಯಲ್ಲಿ ಅರೆದು,
ಬೆರಳ ತುದಿಯಿಂದ ನೆಕ್ಕಿಸಿದ್ದಳು.
ಪ್ರೀತಿಗೇನೂ ಕೊರತೆ ಇರಲಿಲ್ಲ.
ಬೆಕ್ಕಿಗೆ ಆ ಮಾತ್ರೆ ಕಾಲೆಂದರೆ ಕಾಲೂ ಸಲ್ಲದೆಂದು
ಡಬ್ಬಿಯ ಮೇಲೆ ಯಾರೂ ಬರೆದಿರಲಿಲ್ಲ.
ತಂದಾಗ ವಸಡು ಕೆಸರಿನ ಬಣ್ಣಕ್ಕೆ ತಿರುಗಿತ್ತು.
ಅಂದಿನಿಂದ ಯಾವ ಪ್ರಾಣಿ ಬಂದರೂ
ಹೆಸರು ಕೇಳುವ ಮೊದಲು ತುಟಿ ಎತ್ತಿ ನೋಡುತ್ತೇನೆ.

ಓತಿಯಾ ಎಣಿಸಿದ.
ಡಿಪೋದ ಹಳೇ ಟ್ರಿಪ್ ಪುಸ್ತಕದಲ್ಲಿ, ಗೆರೆ ಎಳೆದು:
ರಾತ್ರಿ ೨:೧೦. ಇಪ್ಪತ್ತೆರಡು. ರಸ್ತೆ ಸುಗಮ.
೧:೪೫. ಇಪ್ಪತ್ತಾರು. ಸ್ವಲ್ಪ ದಟ್ಟಣೆ.
೩:೦೦. ಹದಿನೆಂಟು. ಖಾಲಿ ಬಸ್ಸು.
ತಿಂಗಳಿಗೊಮ್ಮೆ ತಂದು ತೋರಿಸಿ
ನನ್ನ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ.

ನವೆಂಬರಿನ ಒಂದು ರಾತ್ರಿ:
ಮೂವತ್ತೆಂಟು. ನಲವತ್ತೊಂದು.
ಪಕ್ಕದಲ್ಲಿ ಟಿಪ್ಪಣಿಯಿಲ್ಲ.
ಮನೆಯ ಚಪ್ಪಲಿಯಲ್ಲೇ ಓಡಿ ಬಂದಿದ್ದ,
ಹೆಂಡತಿಯ ಕೋಟಿನಲ್ಲಿ ನಾಯಿಯನ್ನು ಸುತ್ತಿಕೊಂಡು.
ವಸಡು ಬೂದಿ. ಶ್ವಾಸಕೋಶ ನೆನೆದ ಸ್ಪಂಜು.
ಆಮ್ಲಜನಕ, ಸೂಜಿ, ಮತ್ತೊಂದು ಸೂಜಿ,
ನಂತರ ಕಾಯುವುದು; ಅದಕ್ಕೆ ಔಷಧಿ ಇಲ್ಲ.
ಹನ್ನೊಂದರ ಹೊತ್ತಿಗೆ ತ್ಸಾಬ್ಲಾ ಎದ್ದು ಅಂಗಳದಲ್ಲಿ
ಉದ್ದಕ್ಕೆ, ಬಿಡದೆ, ಉಚ್ಚೆ ಹೊಯ್ದಿತು.
ಚೌಕದ ಕಾರಂಜಿಯನ್ನೂ ಯಾರೂ
ಅಷ್ಟು ಭಕ್ತಿಯಿಂದ ನೋಡಿರಲಾರರು.

ಅಂಕಿ ನಕಲು ಮಾಡಲೆಂದು ಪುಸ್ತಕ ತಿರುವಿದೆ.
ಕೊನೆಯ ಹಾಳೆಗಳಲ್ಲಿ ಬೇರೆಯ ಕೈ,
ಪೆನ್ಸಿಲ್ಲಿನ ದುಂಡು ಅಕ್ಷರ:
ಓತಿಯಾ. ಹದಿನಾರು.
ಓತಿಯಾ. ಹದಿನಾಲ್ಕು. ಗೊರಕೆ.
ಓತಿಯಾ. ನಡುವೆ ನಿಂತುಹೋಯಿತು.
ಹತ್ತರವರೆಗೆ ಎಣಿಸಿದೆ.
ಮೊಣಕೈಯಲ್ಲಿ ತಿವಿದೆ. ಮತ್ತೆ ಹೊರಟಿತು.

ದರೇಜಾನ್.
ನಾಯಿ ನಾರುತ್ತದೆಂದು
ನನ್ನ ಹೊಸ್ತಿಲು ಒಮ್ಮೆಯೂ ತುಳಿಯದವಳು.

ನಾನು ನಾಲ್ಕು ಕಾಲಿನವರ ಡಾಕ್ಟರು.
ಆದರೂ ಚೀಟಿಯಲ್ಲಿ ನಾಯಿಯ ಮಾತ್ರೆಗಳ ಕೆಳಗೆ
ರಿಯೋನಿ ನದಿಯಾಚೆಯ ಆಸ್ಪತ್ರೆಯ ವಿಳಾಸ ಬರೆದು
ನಾಲ್ಕು ಮಡಿಕೆ ಮಡಿಚಿ ಕೊಟ್ಟೆ:
ಹೆಂಡತಿಗೆ ಕೊಡು. ನೀನು ಓದಬೇಡ.
"ನಾಯಿಯ ವಿಷಯವೇ?"
ಹೂಂ ಎಂದೆ.

ಕಿಟಕಿಯಿಂದ ನೋಡಿದರೆ, ಗೇಟಿನ ಬಳಿಯೇ
ಕನ್ನಡಕ ಏರಿಸಿ ನಿಂತು ಓದುತ್ತಿದ್ದಾನೆ.
ತ್ಸಾಬ್ಲಾ ಪಟ್ಟಿ ಜಗ್ಗುತ್ತಿದೆ,
ಮುಂದಿನ ಕಂಬಕ್ಕೆ ತಡವಾಯಿತೆಂದು.