ಕೋಲಿಗೆಷ್ಟು

ನಲವತ್ತು ವರ್ಷ ಗುಡ್ಡೆಯ ಹೊಟ್ಟೆಗೆ ಹೊಕ್ಕವನು ನಾನು.
ಬಾಯಾರಿನಿಂದ ಪೆರ್ಲದವರೆಗೆ
ಎಷ್ಟು ಸುರಂಗ ಎಂದು ಕೇಳಬೇಡಿ,
ನೀರು ಸಿಕ್ಕದವನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಮುಂದೆ ಮೇಣದ ಬತ್ತಿ, ಹಿಂದೆ ನಾನು,
ನನ್ನ ಹಿಂದೆ ಮಣ್ಣು ಎಳೆಯುವ ಅಂಗಾರ.
ಬತ್ತಿ ಕುಗ್ಗಿದರೆ ಮಾತಿಲ್ಲ, ಹಿಂದಕ್ಕೆ.
ನಾನು ಓದಿದ ಶಾಸ್ತ್ರ ಇದೊಂದೇ.

ಮೊನ್ನೆ ಬಯಲಲ್ಲೇ, ಹಾಡಹಗಲು,
ಮುಳ್ಳೇರಿಯಾ ಬಸ್ಸಿಗೆ ಕಾಯುತ್ತಿದ್ದಾಗ
ಬತ್ತಿ ಕುಗ್ಗಿತು.
ಎದೆಯೊಳಗೆ ಸಿಳ್ಳೆ, ಯಾವನೋ ಹುಡುಗ
ಪಪ್ಪಾಯಿ ದಂಟು ಊದಿದ ಹಾಗೆ.
ಹಿಂದಕ್ಕೆ ಹೋಗೋಣವೆಂದರೆ
ಎಲ್ಲಿಗೆ?

ಕಾಸರಗೋಡಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸಫೀನಾ
ಪರದೆಯ ಮೇಲೆ ತೋರಿಸಿದರು.
ನನ್ನದೇ ಸುರಂಗ. ಬಳೆಬಳೆಯ ಗೋಡೆ,
ಒದ್ದೆ, ಕೆಂಪು, ನಾನು ಕೊರೆದದ್ದಕ್ಕಿಂತ ನಯ.
ಮುಂದೆ ಕವಲು. ಬಲದ್ದು ತೆರೆದೇ ಉಂಟು,
ಎಡದ ಬಾಯಿಗೆ ಹಲಸಿನ ಬೀಜದಷ್ಟು ಮಾಂಸ
ಕುಸಿದು ಕೂತಿದೆ.

"ಜೇಡಿಯಾ, ಮುರವಾ?" ಎಂದೆ.
ಅವರಿಗೆ ತಿಳಿಯಲಿಲ್ಲ.
ಮೆತ್ತಗೆ, ಮುಟ್ಟಿದರೆ ರಕ್ತ ಒಸರುವಂಥದು ಎಂದರು.
ಒಸರು. ಆ ಮಾತಿಗೆ ನಾವು ಬೆಲ್ಲ ಹಂಚುತ್ತಿದ್ದೆವು.
ಪಿಕ್ಕಾಸಿನ ತುದಿ ತೇವವಾದ ದಿನ
ಮನೆಯಾಕೆ ಆ ಕೆಸರನ್ನು
ಹಣೆಗೆ ಹಚ್ಚಿಕೊಂಡದ್ದೂ ಉಂಟು.
ಇಲ್ಲಿ ಒಸರೆಂದರೆ ನರ್ಸಿನ ಮುಖ ಬೆಳ್ಳಗಾಗುತ್ತದೆ.

"ಒಳಗೇ ಸುಡುತ್ತೇವೆ. ಸುಡುವಾಗ
ಆಕ್ಸಿಜನ್ ಸ್ವಲ್ಪ ತಗ್ಗಿಸುತ್ತೇವೆ,
ಹೆಚ್ಚಿದ್ದರೆ ಹೊತ್ತಿಕೊಳ್ಳುತ್ತದೆ."
ಅಲ್ಲಮ್ಮಾ, ಹೋಗುವುದು ಗಾಳಿಗೆಂದು,
ಹೋದಲ್ಲಿ ಗಾಳಿಯನ್ನೇ ತಗ್ಗಿಸುವುದಾ?
ನನ್ನ ಶಾಸ್ತ್ರದಲ್ಲಿ ಇದಿಲ್ಲ.

ಕತ್ತು ಹಿಂದಕ್ಕೆ, ಬಾಯಿ ಮಾಡಿಗೆ.
ಎಣಿಸಿ ಎಂದರು. ಕೋಲು ಎಣಿಸಿದೆ.
ಒಂದು, ಎರಡು,
ಮೂರನೇ ಕೋಲಿಗೆ
ನಾನೇ ಗುಡ್ಡೆ.

ಆಮೇಲಿನದು ಅವರು ಹೇಳಿದ್ದು:
ಉಕ್ಕಿನ ನಳಿಗೆ ಇಳಿಸಿ, ಬುಡ ಸುಟ್ಟು,
ಉಳಿದದ್ದಕ್ಕೆ ತಣ್ಣನೆಯ ಕಡ್ಡಿ ತಾಗಿಸಿ
ಐಸಿಗೆ ನಾಲಗೆ ಅಂಟಿದ ಹಾಗೆ ಅಂಟಿಸಿಕೊಂಡು
ಎಳೆದರಂತೆ, ತುಂಡು ತುಂಡಾಗಿ.
ಮತ್ತೆ ಕುಸಿಯದ ಹಾಗೆ
ಬಲೆಯಂಥ ಕೊಳವೆಯೊಂದನ್ನು ಊರಿದರಂತೆ.
ಹಲ್ಲಿನಿಂದ ಅಳೆದರೆ ಎಲ್ಲ ಸೇರಿ
ಒಂದು ಗೇಣು ಮೇಲೆ ನಾಲ್ಕು ಬೆರಳು.

ಬಿಲ್ಲು ನೋಡಿ ಅಂಗಾರ ಕೇಳಿದ,
"ಅಣ್ಣಾ, ಹಾಗಾದರೆ ಕೋಲಿಗೆಷ್ಟು ಬಿತ್ತು?"
ನಗು ಬಂತು. ಅರ್ಧದಲ್ಲಿ ಕಡಿಯಲಿಲ್ಲ.
ನಾಲ್ಕು ತಿಂಗಳಾಗಿತ್ತು
ಒಂದು ನಗು ಕೊನೆ ಮುಟ್ಟಿ.

"ದಾರಿ ಬಿಡಿಸಿದ್ದೇವೆ ಬಾಬು ಮಣಿಯಾಣಿ,
ಗುಡ್ಡೆ ಅಲ್ಲೇ ಉಂಟು" ಎಂದರು ಡಾಕ್ಟರ್.
ಇನ್ನು ಕರೆಂಟು ಕೊಡಬೇಕಂತೆ,
ಮಂಗಳೂರಿಗೆ ಹೋಗಬೇಕಂತೆ.

ನನಗೆ ಕೇಳಲಿಕ್ಕಿದ್ದದ್ದು ಬೇರೆ:
ಅಗೆದ ಮಣ್ಣು ಎಲ್ಲಿ ಹಾಕಿದಿರಿ?
ನಾವಾದರೆ ಸುರಂಗದ ಬಾಯಲ್ಲೇ ಸುರಿದು
ತಟ್ಟು ಮಾಡಿ ಬಸಳೆ ಹಬ್ಬಿಸುತ್ತಿದ್ದೆವು.

ನರ್ಸು ಒಂದು ಸಣ್ಣ ಕುಪ್ಪಿ ತಂದಳು, ಲ್ಯಾಬಿಗೆ ನೀವೇ ಕೊಡಿ ಎಂದು.
ಮೇಲೆ ನನ್ನ ಹೆಸರು, ವಯಸ್ಸು,
ಮಲಯಾಳದಲ್ಲಿ.
ಓದಲಿಕ್ಕೆ ಅಂಗಾರನ ಕೈಗೆ ಕೊಟ್ಟೆ.